ಕಾಲಂ ಹದಿನೇಳು

ತಹಶೀಲ್ದಾರ ಕಚೇರಿಯಲ್ಲಿ ಕೊಟ್ಟರು ನನಗೆ
ಒಂದು ಖಾಕಿ ಚೀಲ, ಎರಡು ನೀಲಿ ಪೆನ್ನು,
ಜಾಲಿಬಾವಿಯ ನಕಾಶೆ.
ಅದರಲ್ಲಿ ಹಳ್ಳ ಹರಿಯುವಲ್ಲಿ ಈಗ ದ್ರಾಕ್ಷಿಯ ಕಂಬ ನಿಂತಿವೆ,
ಮತ್ತು ನಮ್ಮ ಶಾಲೆಯನ್ನು ಯಾರೋ ಪುಣ್ಯಾತ್ಮರು
ಸ್ಮಶಾನದ ಆಚೆಗೆ ಸರಿಸಿಬಿಟ್ಟಿದ್ದಾರೆ.

ಒಟ್ಟು ಮನೆ ಇನ್ನೂರಾ ಹನ್ನೊಂದು.
ಬೀಗ ಬಿದ್ದವು ಮೂವತ್ನಾಲ್ಕು.
"ಗೋವಾಕ್ಕ ಹೋಗ್ಯಾರ್ರಿ," ಅನ್ನುತ್ತದೆ ಪಕ್ಕದ ಬಾಗಿಲು.
ಗೋವಾ ಅಂದರೆ ಇಲ್ಲಿ ಸಮುದ್ರವಲ್ಲ;
ಗಾರೆ, ಸೆಂಟ್ರಿಂಗ್ ಹಲಗೆ, ವಾಸ್ಕೋದ ತಗಡಿನ ಕೋಲಿ.
ಆರ್‌ಸಿಸಿ ತೊಂಬತ್ತು, ಮಣ್ಣಿನ ಮಾಳಿಗೆ ಅರವತ್ತು.
ಮಾಳಿಗೆಯ ಮೇಲಿನ ಹುಲ್ಲಿಗೆ ಕಾಲಂ ಇಲ್ಲ.
ಎತ್ತಿಗೂ ಇಲ್ಲ. ಆದರೂ ಧರೆಪ್ಪ ಬಬಲೇಶ್ವರ ಬಿಡಲಿಲ್ಲ:
"ಎರಡ ಅದಾವ್ರಿ, ಹೆಸರ ಬರ್ಕೋರಿ ಟೀಚರ್."
ಅಂಚಿನಲ್ಲಿ ಬರೆದುಕೊಂಡೆ.
ಅಂಚು ಲೆಕ್ಕಕ್ಕೆ ಬರುವುದಿಲ್ಲ.

ತಾಂಡಾದ ಠಾವರಿಬಾಯಿ ವಯಸ್ಸು ಹೇಳಲು
ಬಾಯಿ ತೆರೆದು ತೋರಿಸಿದಳು, ಉಳಿದ ಹಲ್ಲು ಎಷ್ಟೆಂದು.
ಅಂದಾಜು ಅರವತ್ತೆಂಟು, ಅಂದೆ.
"ಇನ್ನೆರಡ ಹಚ್ಚ ಮಗಳ, ನಿಂದೇನ ಗಂಟ ಹೊಕ್ಕೈತಿ?"

ಕಾಲಂ ಹದಿನೇಳು:
ಕಳೆದ ವರ್ಷ ಕೆಲಸ ಮಾಡಿದ್ದಾರೆಯೇ?

ಲಾಲಬಿ ಮಕಾನದಾರ ಪಡಸಾಲೆಯಲ್ಲಿ
ಮಣೂಕದ ತೊಟ್ಟು ಬಿಡಿಸುತ್ತಿದ್ದಳು.
ಹಸಿರು ಒಂದು ಗುಂಪು, ಕೆಂಪು ಒಂದು ಗುಂಪು,
ಕಪ್ಪಾದದ್ದು ಮಕ್ಕಳಿಗೆ.
ಮೊಣಕಾಲ ಕೆಳಗೆ ಮಾಲೀಕನ ಚೀಟಿ, ಕೆಜಿಗೆ ಇಷ್ಟೆಂದು.
"ಕೆಲಸ ಮಾಡ್ತಿಯೇನ ಲಾಲಬಿ?"
"ಎಲ್ಲೀ ಕೆಲಸ, ಮನ್ಯಾಗ ಸುಮ್ಮ ಕುಂತಿರ್ತೀನ್ರಿ,"
ಅಂದಳು, ಕೈ ನಿಲ್ಲಿಸದೆ.
"ಗೃಹಿಣಿ ಅಂತ ಹಾಕ್ರಿ," ಹಾಸಿಗೆಯಿಂದಲೇ ಗಂಡ.
ಅವನು ಸಂಕ್ರಾಂತಿಯಿಂದ ಗರಸಿ ದಾಟಿಲ್ಲ.
ಅವನ ಸಾಲಿನಲ್ಲಿ: ಮುಖ್ಯ ದುಡಿಮೆಗಾರ.
ಹೇಳಿದ್ದನ್ನೇ ಬರೆಯಿರಿ, ಅನ್ನುತ್ತದೆ ಕೈಪಿಡಿ.
ಬರೆದೆ. ನನಗೂ ನೌಕರಿ ಬೇಕು.

ಫೆಬ್ರುವರಿಯ ಕೊನೆಯ ರಾತ್ರಿ ಮನೆಯಿಲ್ಲದವರ ಗಣತಿ.
"ಬಸ್‌ಸ್ಟ್ಯಾಂಡು, ಗುಡಿಕಟ್ಟಿ ನೋಡ್ರಿ, ಯಾರೂ ಇರಂಗಿಲ್ಲ,
ಸೊನ್ನಿ ಬರದ ಮಕ್ಕೊಳ್ರಿ," ಅಂದಿದ್ದರು ಸೂಪರ್‌ವೈಸರ್.
ಬಸ್‌ಸ್ಟ್ಯಾಂಡಿನಲ್ಲಿ ನಿಜಕ್ಕೂ ಒಂದು ನಾಯಿ.
ನನ್ನ ಟಾರ್ಚು ಯಾಕೋ ಶೆಡ್ಡುಗಳ ಕಡೆ ತಿರುಗಿತು.

ಹಸಿರು ಪರದೆಯ ಒಳಗೆ ಬಲೆಯ ಮೇಲೆ ಬಲೆ,
ಹನ್ನೊಂದು ಅಂತಸ್ತು ದ್ರಾಕ್ಷಿ, ಗಾಳಿಗೆ ಮೈಯೊಡ್ಡಿ.
ಅದರ ಕೆಳಗೆ, ನೆಲದ ಅಂತಸ್ತಿನಲ್ಲಿ,
ಗಂಧಕದ ಘಾಟಿಗೆ ಟವೆಲ್ಲು ಸುತ್ತಿಕೊಂಡು
ಹತ್ತೊಂಬತ್ತು ಜನ.
ಕತಿಹಾರದ ಕಡೆಯ ಉಪೇಂದರ ಮಾಂಝಿ ಎದ್ದು ಕೂತ.
ನಮ್ಮ ಕನ್ನಡ ಅವನಿಗೆ ಅರ್ಧ ಒಣಗಿತ್ತು:
"ಇಲ್ಲಿ ಬರದ್ರ, ಮೇಡಮ್, ಅಲ್ಲಿ ಕಾಟ್ ಹೊಡೀತಾರೇನು?"
ಒಬ್ಬ ಮನುಷ್ಯ ಒಮ್ಮೆ ಮಾತ್ರ, ಅದು ಮೊದಲ ಪಾಠ.
ಆದರೆ ಅಮ್ಮನ ಅಡುಗೆಮನೆಯ ಗೋಡೆಯಲ್ಲಿ
ಅವನ ಎತ್ತರದ ಗೆರೆ ಇದೆಯಂತೆ, ಏಳನೇ ವರ್ಷದ್ದು.
ನನ್ನ ಹತ್ತಿರ ಉತ್ತರವಿರಲಿಲ್ಲ.
ಅವನೇ ನನ್ನ ಅಂಗೈಗೆ ಒಂದು ಮುಷ್ಟಿ ಮಣೂಕ ಸುರಿದ.

"ಹತ್ತೊಂಬತ್ತ? ಹಿಂದಿನ ಸಲ ಸೊನ್ನಿ ಇತ್ತಲ್ಲ!"
ಫೋನಿನಲ್ಲಿ ಸೂಪರ್‌ವೈಸರ್ ಆಕಳಿಸಿದರು.

ಎರಡು ಗಂಟೆಗೆ ನನ್ನ ಬಾಡಿಗೆ ಕೋಣೆ.
ಕುಟುಂಬದ ಮುಖ್ಯಸ್ಥೆ ನಾನೇ, ಸದಸ್ಯರೂ ನಾನೇ,
ಕುಡಿಯುವ ನೀರು ಆವರಣದ ಹೊರಗೆ.
ಪುಟ ತಿರುವಲು ಹೋದರೆ ಎರಡು ಹಾಳೆ ಕಚ್ಚಿಕೊಂಡಿದ್ದವು.
ನಿಧಾನ ಬಿಡಿಸಿದೆ. ಲಾಲಬಿಯ ಮನೆ.
'ಗೃಹಿಣಿ'ಯ ಮೇಲೆ ನನ್ನ ಹೆಬ್ಬೆರಳಿನ ಗುರುತು,
ಅಂಟು ಅಂಟು, ಓದಲು ಬಾರದ ಹಾಗೆ.
ಅಳಿಸಿ ತಿದ್ದಬಾರದು ಅಂತ ನಿಯಮವಿದೆ.
ಅಂಟಿನ ಬಗ್ಗೆ ಹುಡುಕಿದೆ, ಕೈಪಿಡಿಯಲ್ಲಿ ಏನೂ ಇಲ್ಲ.

ಚೀಲದೊಳಗಿಟ್ಟು ಮಲಗಿದೆ.
ಬೆಳಿಗ್ಗೆ ಇರುವೆ ಬಂದಿದ್ದವು,
ಇನ್ನೂರಾ ಹನ್ನೊಂದು ಮನೆ ದಾಟಿ,
ನೇರ ಹದಿನೇಳಕ್ಕೆ.