ಎಂಟನೇ ಅಂಗಿ

ಜುಲೈ ಅಂದರೆ ನಮ್ಮ ಕಡೆ ಕೊರೆಯುವ ಚಳಿ.
ಪಾಯ್ಸಾಂಡೂವಿನ ಮೈದಾನಕ್ಕೆ ನಾನು ತಲುಪಿದ್ದೇ
ಅರ್ಧ ಆಟ ಮುಗಿದ ಮೇಲೆ. ಟೈರು ಪಂಕ್ಚರು.
ಅದು ನಿಜ, ಆದರೆ ವರದಿಯಲ್ಲಿ ಬರೆಯಲಿಲ್ಲ.
ತೊಡೆಯ ಮೇಲೆ ಪುಸ್ತಕ, ಸೋರೆ ಬುರುಡೆಯಲ್ಲಿ ಬಿಸಿ ಯೆರ್ಬಾ ಕಷಾಯ,
ಎದುರಿಗೆ ಹನ್ನೆರಡು ವರ್ಷದ ಹುಡುಗರು, ಮೂಗಿಂದ ಹೊಗೆ.

ಸಂತೆಯಲ್ಲಿ ಹೋರಿ ಕೊಳ್ಳುವವನು ಕೂಡ
ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ,
ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ.
ನಾನು ಇಪ್ಪತ್ತು ನಿಮಿಷಕ್ಕೆ ಎದ್ದೆ.
ಮೊಂತೆವಿದೇಯೊಗೆ ಐದು ಗಂಟೆ ದಾರಿ.

"ಎಂಟನೇ ನಂಬರು, ಅದೆಮಿರ್ ಲರ್ರೋಸ: ಕಾಲು ಭಾರ.
ಚೆಂಡು ಬಂದರೆ ಕಣ್ಣು ಮುಚ್ಚುತ್ತಾನೆ. ಬೇಡ."

ಬೇಡ. ಎರಡಕ್ಷರ.
ಪಟ್ಟಿಯಲ್ಲಿ ಅವನು ನೂರ ನಲವತ್ತೊಂದಕ್ಕೆ ಇಳಿದ;
ಆ ಪುಟದವರೆಗೆ ಯಾರೂ ಓದುವುದಿಲ್ಲ.
ಎತ್ತರ, ತೂಕ, ಎಡಗಾಲೋ ಬಲಗಾಲೋ, ಅಪ್ಪನ ಎತ್ತರ,
ಎಲ್ಲದಕ್ಕೂ ಕಾಲಂ ಇತ್ತು.
ನೋಡಿದವನು ಎಷ್ಟು ಹೊತ್ತು ನೋಡಿದ, ಅದಕ್ಕಿರಲಿಲ್ಲ.

ಹನ್ನೊಂದು ವರ್ಷದ ಮೇಲೆ, ಆ ಕ್ಲಬ್ಬಿನ ಅಂಗಿ ಒಗೆಯುತ್ತಿದ್ದ
ದೋನ್ಯಾ ನಿಲ್ದಾ ಸುಮ್ಮನೆ ಮಾತಿಗೆ ಹೇಳಿದಳು:
"ಆವತ್ತು ಅದೆಮಿರನಿಗೆ ಮೂಗಲ್ಲಿ ರಕ್ತ.
ಎರಡು ಗೋಲು ಹೊಡೆದೇ ಹೊರಗೆ ಬಂದದ್ದು.
ನಮ್ಮಲ್ಲಿ ಇದ್ದದ್ದೇ ಹನ್ನೊಂದು ಅಂಗಿ. ಅವನದನ್ನೇ ಬಿಚ್ಚಿ
ಆಟ ನೋಡಲು ಬಂದಿದ್ದ ಅತ್ತೆ ಮಗನಿಗೆ ತೊಡಿಸಿದೆವು.
ಕಲೆ ಹೋಗಲು ಮೂರು ಸಲ ಉಜ್ಜಿದೆ."

ಕಚೇರಿಯಲ್ಲಿ ಹೇಳಿದೆ. ನಕ್ಕರು.
"ಎವಾರಿಸ್ತೊ, ಮಳೆಯ ಲೆಕ್ಕವೇ ತಪ್ಪುತ್ತೆ, ಇನ್ನು ಮಕ್ಕಳದು!"
ನಿವೃತ್ತಿಗೆ ಗಡಿಯಾರ ಕೊಟ್ಟರು.

ಅವನು ಕಿತ್ತಳೆ ಶೆಡ್ಡಿನಲ್ಲಿ ಸಿಕ್ಕ.
ಬೆಲ್ಟಿನ ಮೇಲೆ ಹಣ್ಣು ಉರುಳುತ್ತಿತ್ತು,
ಅವನ ಕೈ ಆರಿಸುತ್ತಿತ್ತು: ಹಡಗಿಗೆ, ಪೇಟೆಗೆ, ರಸಕ್ಕೆ.
ಎಲ್ಲ ಹೇಳಿದೆ. ಟೈರು, ಇಪ್ಪತ್ತು ನಿಮಿಷ, ಎರಡಕ್ಷರ.
ಕೈ ನಿಲ್ಲಲಿಲ್ಲ.
"ಪೆಟ್ಟಿಗೆ ಮೇಲೆ ನನ್ನ ನಂಬರು ಒತ್ತುತ್ತಾರೆ," ಅಂದ.
"ಕೊಳೆತದ್ದು ಹೋದರೆ ರೋಟರ್‌ಡ್ಯಾಮಿಂದ
ನೆಟ್ಟಗೆ ನನ್ನ ಹೆಸರಿಗೇ ವಾಪಸು ಬರುತ್ತೆ."

ಆಮೇಲೆ, ತುಂಬ ಹೊತ್ತಾದ ಮೇಲೆ:
"ಕಣ್ಣು ಮುಚ್ಚಿದ್ದು ನಾನಲ್ಲ, ಸರಿ.
ಅವನಾದರೂ ಯಾಕೆ ಹಾಗಂತ ಬರೆಸಿಕೊಳ್ಳಬೇಕಿತ್ತು?
ಅವನಿಗೆ ಆಡುವ ಆಸೆಯೇ ಇರಲಿಲ್ಲ.
ನಾವು ಕರೆದೆವು ಅಂತ, ಆ ಚಳಿಯಲ್ಲಿ,
ನನ್ನ ಹಸಿ ರಕ್ತ ಎದೆಗೆ ಅಂಟಿಸಿಕೊಂಡು ಓಡಿದ."

ಅವನ ಹೆಸರೇನು ಅಂತ ಕೇಳಿದೆ.
ಹೇಳಿದ. ಬರೆದುಕೊಳ್ಳಲು ಜೇಬಿಗೆ ಕೈ ಹೋಯಿತು.
ಪೆನ್ನಿತ್ತು. ತೆಗೆಯಲಿಲ್ಲ.
ಇನ್ನೊಂದು ಸಲ ಹೇಳು, ಅಂದೆ.