ಮರಳು ಬರಲಿಲ್ಲ

ಈ ಹಂದಿಗೂಡು ಕಟ್ಟಿದವ ನಾನೇ,
ಶಿರ್ವದ ಐರಿನ್ ಬಾಯಮ್ಮನ ಹಿತ್ತಿಲಲ್ಲಿ,
ಅವರ ದೊಡ್ಡ ಮಗಳ ರೋಸ್ ಆದ ವರ್ಷ.
ಕೆಂಪುಕಲ್ಲು ನಾಲ್ಕು ವರಸೆ, ಮೇಲೆ ಚಪ್ಪಡಿ,
ಹೊಲಸು ನೀರು ಹರಿದುಹೋಗಲಿಕ್ಕೆ ಗೋಡೆಯ ಬುಡದಲ್ಲಿ
ಒಂದೂವರೆ ಗೇಣಿನ ತೂತು.
ತೂತು ಚೂರು ಓರೆಯಾಯಿತು. ಅಂದು ಜ್ವರ ಇತ್ತು.
‘ಹಂದಿಗೆ ಎಂತ ವಾಸ್ತು ಮೇಸ್ತ್ರಿ’ ಎಂದು ನಕ್ಕು
ಕೂಲಿ ಎಣಿಸಿ ಕೊಟ್ಟಿದ್ದರು.

ಈಗ ಹಂದಿ ಇಲ್ಲ. ಕೆಡವಿ ಕಾರಿಗೆ ಶೆಡ್ ಆಗಬೇಕು.
ಹಾರೆ ಹೊತ್ತು ಹೋದರೆ
ತೂತಿನ ಬಾಯಿ ನುಣ್ಣಗೆ ಸವೆದಿದೆ,
ದಿನಾ ಬಂದುಹೋಗುವ ಮೈಯೊಂದು
ಕರಣೆ ಹಿಡಿದು ಸಾಪು ಮಾಡಿದ ಹಾಗೆ.
ಅಂಚಿನಲ್ಲಿ ನಾಲ್ಕು ಕಂದು ಕೂದಲು.
ಮೂಗಿಟ್ಟೆ.
ನಾಯಿಯದ್ದಲ್ಲ.

ನಮ್ಮ ತುಳುವಿನಲ್ಲಿ ಕುದ್ಕೆ, ಅವರ ಕೊಂಕಣಿಯಲ್ಲಿ ಕೊಲೊ,
ಯಾವ ಹೆಸರಿಗೂ ಓಗೊಡದೆ ಒಳಗೆ ಮಲಗಿದೆ.

ಬೀಡಿ ಹಚ್ಚದೆ, ಕುಕ್ಕರುಗಾಲಲ್ಲಿ ಕೂತು ನೋಡಿದೆ
ನಾನು ಕಟ್ಟಿದ್ದನ್ನು ಅದರ ಕಣ್ಣಿನಿಂದ.
ಪಡುಗಾಳಿಗೆ ಬೆನ್ನು ಹಾಕಿದ ಬಾಗಿಲು. ಆ ಓರೆ,
ನನ್ನ ಜ್ವರದ ಓರೆ, ಎರಚಲನ್ನು ಹೊರಗೇ ನಿಲ್ಲಿಸುತ್ತದೆ.
ಗದ್ದೆಯಿಂದ ಮೊಣಕಾಲೆತ್ತರದ ನೆಲ, ಒಸರಿಲ್ಲ.
ಹಿಂದೆ ಚಪ್ಪಡಿ ಬಿರಿದಲ್ಲಿ ಇನ್ನೊಂದು ದಾರಿ,
ಅಲ್ಲಿಂದ ಮೂರು ನೆಗೆತಕ್ಕೆ ಮಲ್ಲಿಗೆ ಸಾಲು.
ಮನುಷ್ಯರು ಉಂಟು; ಆದರೆ ಗಡಿಯಾರದ ಮನುಷ್ಯರು:
ಐದೂವರೆಗೆ ಮೊಗ್ಗು ಕೊಯ್ಯುವ ಟಾರ್ಚು,
ಏಳಕ್ಕೆ ಇಗರ್ಜಿ, ರಾತ್ರಿ ತೇರ್ಸ್,
ಅದು ಮುಗಿದರೆ ದೀಪ ಆರಿತೆಂದೇ ಲೆಕ್ಕ.
ನಾಯಿ ರೋಜರನಿಗೆ ಹದಿಮೂರು ತುಂಬಿತು;
ಅವನು ಕಾಲೆತ್ತುವ ಗಡಿ ವರ್ಷ ವರ್ಷ
ಮೆಟ್ಟಿಲಿನ ಹತ್ತಿರ ಹತ್ತಿರ ಬರುತ್ತಿದೆ.
ಎಷ್ಟು ರಾತ್ರಿ ಸುತ್ತಿ ಅಳೆದಿರಬೇಕು ಇದೆಲ್ಲ,
ತೂಕದ ಗುಂಡಿಲ್ಲದೆ, ದಾರವಿಲ್ಲದೆ.

ಒಳಗೆ ಏನೋ ಕುಂಯ್ ಎಂದಿತು.
ಒಂದಲ್ಲ.
ಹಾರೆಯನ್ನು ಸದ್ದಾಗದ ಹಾಗೆ ಮಣ್ಣಿಗೆ ಮಲಗಿಸಿದೆ.

‘ಎಂತ ಮೇಸ್ತ್ರಿ, ಶುರು ಮಾಡುವುದಿಲ್ಲವಾ?’
ಬಾಯಮ್ಮ, ಜಗಲಿಯಿಂದ.
‘ಮರಳು ಸಿಗುವುದಿಲ್ಲ ಬಾಯಮ್ಮ. ಹೊಳೆಯಲ್ಲಿ
ತೆಗೆಯಲಿಕ್ಕೆ ಬಿಡುವುದಿಲ್ಲವಂತೆ. ಮೇ ಆಗಬಹುದು.’

ಅಂಗಳದ ಮೂಲೆಯಲ್ಲಿ ಒಂದು ಲೋಡು ಮರಳು,
ಮೊನ್ನೆ ನಾನೇ ಇಳಿಸಿದ್ದು.
ಅದರ ನೆತ್ತಿಯ ಮೇಲೆ
ಹೊಲಿಗೆ ಹಾಕಿದಂತೆ ಒಂದೇ ಗೆರೆಯಲ್ಲಿ ಹೆಜ್ಜೆ.
ಬಾಯಮ್ಮ ಅದನ್ನು ನೋಡಿದರು. ನನ್ನನ್ನು ನೋಡಿದರು.
ಮಲ್ಲಿಗೆ ಚೆಂಡಿಗೆ ಬಾಳೆನಾರು ಬಿಗಿಯುತ್ತಾ
‘ಹೌದಂತೆ,’ ಎಂದರು,
‘ಮರಳಿಗೆ ಈ ಸಲ ಭಾರೀ ತತ್ವಾರ.’