ಎರಡು ಗಂಟೆ

ಮಾವ ಬಿದ್ದದ್ದು ಘಾಟಿಯಲ್ಲಲ್ಲ.
ಸಂಪಾಜೆಯ ತಿರುವುಗಳಲ್ಲಿ ಮೂವತ್ತೊಂದು ವರ್ಷ
ಯಾವ ಕಂಬವನ್ನೂ ಹಿಡಿಯದೆ
ಸೀಟಿನ ಅಂಚಿಗೆ ಸೊಂಟ ಆನಿಸಿ
ಒಂದು ಕೈಯಲ್ಲಿ ಟಿಕೆಟ್ಟು, ಒಂದರಲ್ಲಿ ಚಿಲ್ಲರೆ,
ಕಿವಿಯ ಮೇಲೆ ಮೋಟು ಪೆನ್ಸಿಲ್ಲು,
ವಾಂತಿ ಮಾಡುವ ಮಕ್ಕಳ ನಡುವೆ ನೆಟ್ಟಗೆ ನಿಂತವರು
ಬಿದ್ದದ್ದು ಬಚ್ಚಲಲ್ಲಿ,
ಒಂದೂವರೆ ಇಂಚಿನ ಹೊಸ್ತಿಲು ದಾಟುವಾಗ,
ರಾತ್ರಿ ಎರಡು ಗಂಟೆಗೆ.

ಮೂಳೆ ಮುರಿದಿರಲಿಲ್ಲ. ಸಿಟ್ಟು ಬಂದಿತ್ತು.
‘ಹೊಸ್ತಿಲು ಮೊದಲು ಇಷ್ಟು ಎತ್ತರ ಇರಲಿಲ್ಲ’ ಅಂದರು.

ಫಿಸಿಯೋ ಹುಡುಗಿ ಬಂದಳು.
ದೇಚೂರಿನ ನಮ್ಮ ಮನೆ ರಸ್ತೆಯಿಂದ ಇಪ್ಪತ್ಮೂರು ಮೆಟ್ಟಿಲು ಕೆಳಗೆ;
ಇಳಿಯುವಷ್ಟರಲ್ಲೇ ಅವಳ ಮುಖದಲ್ಲಿ ಅರ್ಧ ವರದಿ ಇತ್ತು.
ಮಂಚಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಿ, ನಡೆವ ದಾರಿಗೆ ಪುಟ್ಟ ದೀಪ ಹಾಕಿ,
ಈ ಕಾಲೊರಸು ಮೊದಲು ತೆಗೆಯಿರಿ, ಜಾರುತ್ತದೆ.

ಕಾಲೊರಸು ಅತ್ತೆ ಹೆಣೆದದ್ದು.
ಒಂದು ಹಸಿರು ಸೀರೆ, ಮಾಸಿದ ಕೆಂಪಿನದೊಂದು,
ನಡುವೆ ಮಾವನ ಖಾಕಿ ಅಂಗಿಯ ತೋಳು.
ಅತ್ತೆ ಹೋಗಿ ಆರು ವರ್ಷ,
ಅಷ್ಟೂ ದಿನ ನಾವು ಅದರ ಮೇಲೆ ಕಾಲು ಒರೆಸಿದ್ದೇವೆ.
ಎಸೆಯಬೇಕು ಅಂದಾಗಲೇ ನನಗದು ಕಂಡದ್ದು.
ಒಗೆದು, ಎರಡು ಬಿಸಿಲು ಒಣಗಿಸಿ
ಮಾವನ ಕುರ್ಚಿಯ ಬೆನ್ನಿಗೆ ಹಾಕಿದೆ.
ಅವರು ಏನೂ ಅನ್ನಲಿಲ್ಲ.
ಒರಗುವಾಗ ಮಾತ್ರ ಸ್ವಲ್ಪ ನಿಧಾನ.

ಹಿಡಿಕೆಯ ಮಾತಿಗೆ ಒಪ್ಪಲಿಲ್ಲ.
‘ಕಂಬ ಹಿಡಿಯುವವರು ಪ್ಯಾಸೆಂಜರು, ಕೂಸೇ.’
ಅಂಗಡಿಯಿಂದ ತಂದ ಬಿಳಿ ಪ್ಲಾಸ್ಟಿಕ್ ಹಿಡಿಕೆಗೆ
ಟವೆಲ್ ನೇತುಹಾಕಿ
ಗೋಡೆ ಹಿಡಿದು ನಡೆದರು.

ಕೊನೆಗೆ ವೆಲ್ಡಿಂಗ್ ಮೊಯ್ದು
ಕುಶಾಲನಗರದ ಗುಜರಿಯಿಂದ ತಂದ,
ಹರಾಜಾದ ಬಸ್ಸಿನದೊಂದು ಕಂಬ.
‘ನಡು ನೋಡಿ ಅಕ್ಕಾ,
ಎಷ್ಟು ಜನ ಹಿಡಿದು ಹಿಡಿದು ಹೀಗೆ ನುಣುಪಾಗಿದೆ,
ಪಾಲಿಷ್ ಹಾಕಿದರೂ ಇಷ್ಟು ಬರುವುದಿಲ್ಲ.’
ನೆಲಕ್ಕೆ ನಾಲ್ಕು ತೂತು, ಚಾವಣಿಗೆ ನಾಲ್ಕು.
ಸಿಮೆಂಟು ಕಚ್ಚುವವರೆಗೆ ಮೂರು ದಿನ
ಮುಟ್ಟಬಾರದೆಂದು ಹೇಳಿ ಹೋದ.

ಮೂರನೆಯ ದಿನ ಮಾವ ಬಂದು ನಿಂತರು.
ಜೇಬಿನಿಂದ ಒಂದು ನಾಣ್ಯ ತೆಗೆದು ಕಂಬಕ್ಕೆ ಬಡಿದರು,
ತಲೆ ಓರೆ ಮಾಡಿ ಕೇಳಿಸಿಕೊಂಡರು.
ಮತ್ತೆ ಮೇಲೆ ನೋಡಿ ಅಂದರು:
‘ಹಗ್ಗ ಎಲ್ಲಿ? ಗಂಟೆ ಎಲ್ಲಿ?
ಡ್ರೈವರಿಗೆ ಹೇಗೆ ಗೊತ್ತಾಗಬೇಕು?’

ಡ್ರೈವರು ನಾನು ಅಂತ ಆಗ ತಿಳಿಯಿತು.

ಇವರು ನೈಲಾನ್ ಹಗ್ಗ ಎಳೆದರು,
ಬಚ್ಚಲಿನ ಗವಾಕ್ಷಿಯಿಂದ ಹೊರಸಿನ ತಲೆಯ ಮೇಲೆ ಹಾದು
ನಮ್ಮ ಕೋಣೆಯ ಬಾಗಿಲಿನವರೆಗೆ,
ತುದಿಗೆ ಮೊಯ್ದು ಕೊಟ್ಟ ಹಿತ್ತಾಳೆಯ ಗಂಟೆ.
ನಿಯಮ ಮಾವನದೇ:
ಒಳಗೆ ಹೋದಾಗ ಒಂದು, ಅಂದರೆ ನಿಲ್ಲಿಸು.
ಹೊರಗೆ ಬಂದಾಗ ಎರಡು, ಅಂದರೆ ರೈಟ್.

ಕಂಬ ಹಿಡಿದಿರಾ ಎಂದು ಕೇಳಿದರೆ
ಈಗಲೂ ಇಲ್ಲ ಅನ್ನುತ್ತಾರೆ.
ಬೆಳಿಗ್ಗೆ ಹಾಲಿನ ಚಿಲ್ಲರೆ ಎಣಿಸಿ ನನ್ನ ಕೈಗಿಡುವಾಗ
ಅಂಗೈಯಿಂದ ಕಬ್ಬಿಣದ ವಾಸನೆ ಬರುತ್ತದೆ.
ನಾನು ಎಣಿಸದೆ ತೆಗೆದುಕೊಳ್ಳುತ್ತೇನೆ.

ರಾತ್ರಿ. ಟಣ್.
ಕಣ್ಣು ಬಿಡುತ್ತೇನೆ. ಪಕ್ಕದಲ್ಲಿ ಇವರ ಗೊರಕೆ ನಿಂತಿದೆ.
ಚಪ್ಪಲಿ ಎಳೆದ ಸದ್ದು. ನಲ್ಲಿ. ಚೊಂಬು.
ಮೇಲಿನ ರಸ್ತೆಯಲ್ಲಿ ಯಾವುದೋ ಲಾರಿ ಗೇರು ಬದಲಿಸಿ
ಏರು ಹತ್ತಲಾಗದೆ ನಿಂತ ಹಾಗಿದೆ.
ಒಂದು ಕೆಮ್ಮು.
ಆಮೇಲೆ ಏನೂ ಇಲ್ಲ.

ಚಿಲ್ಲರೆ ಇಲ್ಲದಾಗ ಟಿಕೆಟಿನ ಬೆನ್ನಿಗೆ
ಪೆನ್ಸಿಲ್ಲಿನಲ್ಲಿ ಗೀಚಿಕೊಡುತ್ತಿದ್ದರಂತೆ, ಇಷ್ಟು ಬಾಕಿ ಎಂದು,
ಮರೆತು ಇಳಿದವರನ್ನೂ
ಫುಟ್‌ಬೋರ್ಡಿನಿಂದ ಕೂಗಿ ಕರೆದು ಕೊಡುತ್ತಿದ್ದರಂತೆ.

ಕತ್ತಲಲ್ಲಿ ಒಂದು ಕಾಲು ನೆಲಕ್ಕಿಟ್ಟು ಕೂತಿದ್ದೇನೆ.
ಎರಡು ಬಾಕಿ.